ಬೋಳು ಗೋಡೆಯ ಆ ಮನೆ ಕಿವಿಗಾಗಿ ಕಟ್ಟಿದ್ದು

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಬಗ್ಗೆ ಬಂದ ಪ್ರವಾಸ ಲೇಖನ ಓದಿದೆ. ತೂಗುಸೇತುವೆಗೆ ನಾಲ್ಕು ಪ್ಯಾರಾ, ಬಂದರಿನ ಹಳೆಯ ಕಬ್ಬಿಣದ ಹಡಗಿಗೆ ಮೂರು, ಬೀದಿ ಗೋಡೆಗಳ ಚಿತ್ರಕ್ಕೆ ಎರಡು. ‘ನ್ಯೂ ರೂಮ್’ ಎಂಬ ಮೆಥಡಿಸ್ಟ್ (ಹದಿನೆಂಟನೇ ಶತಮಾನದಲ್ಲಿ ಜಾನ್ ವೆಸ್ಲಿ ಎಂಬ ಪಾದ್ರಿ ಶುರುಮಾಡಿದ ಕ್ರೈಸ್ತ ಪಂಥ) ಪ್ರಾರ್ಥನಾ ಮಂದಿರಕ್ಕೆ ಮಾತ್ರ ಕಡೆಯಲ್ಲಿ ಒಂದೇ ವಾಕ್ಯ: ಬೋಳು ಗೋಡೆ, ಮರದ ಬೆಂಚು ಬಿಟ್ಟರೆ ಒಳಗೆ ನೋಡುವಂಥದ್ದು ಏನೂ ಇಲ್ಲ, ಹತ್ತು ನಿಮಿಷ ಸಾಕು. ನನ್ನ ತಕರಾರು ಈ ವಾಕ್ಯದ ಮೇಲೆ. ಲೇಖಕರು ಸುಳ್ಳು ಹೇಳಿಲ್ಲ. ಗೋಡೆ ಬೋಳೇ, ಬೆಂಚು ಮರದ್ದೇ. ಆದರೆ ಆ ಮನೆ ಕಟ್ಟಿದ್ದು ಕಣ್ಣಿಗಾಗಿ ಅಲ್ಲ, ಕಿವಿಗಾಗಿ. ಸಂಗೀತ ಕಚೇರಿಗೆ ಹೋಗಿ ಬಂದು ಗಾಯಕರ ಶಾಲು ಚೆನ್ನಾಗಿರಲಿಲ್ಲ ಎಂದು ವಿಮರ್ಶೆ ಬರೆದ ಹಾಗಾಯಿತು.

ನಾನು ಕಟ್ಟಡಶಾಸ್ತ್ರ ಓದಿದವನಲ್ಲ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದ ಮೇಷ್ಟ್ರು. ಕೊನೆಯ ಬೆಂಚಿಗೆ ಮಾತು ಮುಟ್ಟಿಸುವುದೇ ನನ್ನ ಅರ್ಧ ಕಸುಬಾಗಿತ್ತು. ಆ ಕಸುಬು ಮುಗಿದ ಮೇಲೆ ಎಡಗಿವಿಯೂ ತಾನು ರಿಟೈರಾದೆ ಎಂದು ಹೇಳಿಬಿಟ್ಟಿತು. ಮಿಷನ್ ಹಾಕಿಕೊಂಡರೆ ಶಿಳ್ಳೆ ಹೊಡೆಯುತ್ತದೆ, ತೆಗೆದರೆ ಲೋಕವೆಲ್ಲ ಪಿಸುಗುಟ್ಟುತ್ತದೆ. ಕಿವಿ ಮಂದವಾದವನಿಗೆ ಕಟ್ಟಡಗಳ ಗುಣ ಬೇಗ ಗೊತ್ತಾಗುತ್ತದೆ. ಯಾವುದು ಮಾತನ್ನು ಕೊಡುತ್ತದೆ, ಯಾವುದು ಮಾತನ್ನು ನುಂಗುತ್ತದೆ ಎಂದು ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮಿದರೆ ಸಾಕು. ನಾನು ಕೊನೆಗೆ ಕೆಲಸ ಮಾಡಿದ ಶಾಲೆಗೆ ಒಂದು ಹೊಸ ಸಭಾಂಗಣ ಆಯಿತು. ಹೊಳೆಯುವ ಟೈಲ್ಸು, ಎತ್ತರದ ಸೂರು, ಗಾಜಿನ ಗೋಡೆ. ವಾರ್ಷಿಕೋತ್ಸವದ ದಿನ ಮುಖ್ಯ ಅತಿಥಿ ನಲವತ್ತು ನಿಮಿಷ ಮಾತಾಡಿದರು. ಏನು ಹೇಳಿದರು ಎಂದು ಒಳ್ಳೆಯ ಕಿವಿ ಇದ್ದವರಿಗೂ ಇವತ್ತಿನವರೆಗೆ ತಿಳಿದಿಲ್ಲ. ಮೈಕಿನ ಸದ್ದು ಹೆಚ್ಚಿಸಿದಷ್ಟೂ ಗದ್ದಲ ಹೆಚ್ಚಾಯಿತೇ ಹೊರತು ಮಾತು ಹೆಚ್ಚಾಗಲಿಲ್ಲ.

ಇಂಥ ಕಿವಿ ಹೊತ್ತು ನಾನು ನ್ಯೂ ರೂಮಿಗೆ ಹೋದದ್ದು ಆಕಸ್ಮಿಕವಾಗಿ. ಮಗಳು, ಅಳಿಯ, ಮೊಮ್ಮಗಳು ಬ್ರಿಸ್ಟಲ್‌ನಲ್ಲಿದ್ದಾರೆ. ಅವರಿಗೆ ಬ್ರಾಡ್‌ಮೀಡ್‌ನಲ್ಲಿ ಬಟ್ಟೆ ಖರೀದಿ ಇತ್ತು, ನನಗೆ ಕೂರಲು ಜಾಗ ಬೇಕಿತ್ತು. ಬ್ರಾಡ್‌ಮೀಡ್ ಎಂದರೆ ಈಗ ಅಂಗಡಿಗಳ ಸಾಲು. 1940ರ ನವೆಂಬರಿನಲ್ಲಿ ಜರ್ಮನ್ ವಿಮಾನಗಳ ಬಾಂಬಿಗೆ ಬ್ರಿಸ್ಟಲ್‌ನ ಹಳೆಯ ಪೇಟೆ ಸುಟ್ಟುಹೋಯಿತು. ಯುದ್ಧ ಮುಗಿದ ಮೇಲೆ ಅಂಗಡಿಗಳಿಗಾಗಿ ಬ್ರಾಡ್‌ಮೀಡನ್ನು ಹೊಸದಾಗಿ ಕಟ್ಟಿದರು. ಆ ಕಾಂಕ್ರೀಟಿನ ನಡುವೆ ಒಂದು ಸಣ್ಣ ಗೇಟು, ಗೇಟಿನಾಚೆ ಅಂಗಳ, ಅಂಗಳದಲ್ಲಿ ಕುದುರೆಯ ಮೇಲೆ ಕೂತ ಒಬ್ಬ ಪಾದ್ರಿಯ ಕಂಚಿನ ಪ್ರತಿಮೆ. ಪಕ್ಕದಲ್ಲಿ ಹಿಂದೆ ಊರೂರು ಸುತ್ತುತ್ತಿದ್ದ ಬೋಧಕರ ಕುದುರೆ ಕಟ್ಟುತ್ತಿದ್ದ ಲಾಯ. ಅದನ್ನು ದಾಟಿದರೆ ಬಾಗಿಲು. ಎರಡೂ ಕಡೆ ಅಂಗಡಿ ಬೀದಿಗಳಿದ್ದರೂ ಬಾಗಿಲು ಹಾಕಿದೊಡನೆ ಬಸ್ಸಿನ ಸದ್ದು ಕತ್ತರಿಸಿದ ಹಾಗೆ ನಿಂತಿತು. ನಾನು ಎಂದಿನಂತೆ ಕೆಮ್ಮಿದೆ. ಕೆಮ್ಮು ಅಲ್ಲೇ ಹುಟ್ಟಿ ಅಲ್ಲೇ ಮುಗಿಯಿತು, ಬಾಲವಿಲ್ಲ.

ಮೊದಲು ಬೆಳಕಿನ ವಿಷಯ ಹೇಳುತ್ತೇನೆ. ಒಳಗೆ ಕಾಲಿಟ್ಟಾಗ ಬೆಳಕು ಎಲ್ಲಿಂದ ಬರುತ್ತಿದೆ ಎಂದು ತಲೆಯೆತ್ತಿ ಹುಡುಕಿದೆ. ಪಕ್ಕದ ಗೋಡೆಗಳಿಂದಲ್ಲ. ನಡು ಸೂರಿನಲ್ಲಿ ಎಂಟು ಮೂಲೆಯ ಒಂದು ದೊಡ್ಡ ಲಾಂದ್ರವನ್ನು ಮಗುಚಿಟ್ಟ ಹಾಗೆ ಒಂದು ಗೂಡು ಎದ್ದಿದೆ. ಬೆಳಕು ಅದರೊಳಗಿಂದ ಇಳಿಯುತ್ತದೆ. ಕೆಳಗಿನ ಗೋಡೆಗಳಲ್ಲಿ ಕಿಟಕಿಗೆ ಜಾಗ ಕೊಡದೆ ಮೇಲಿನಿಂದ ಬೆಳಕು ತಂದದ್ದಕ್ಕೆ ಅಲ್ಲಿಯವರು ಎರಡು ಕಾರಣ ಹೇಳುತ್ತಾರೆ. ಆ ಕಾಲಕ್ಕೆ ಇಂಗ್ಲೆಂಡಿನಲ್ಲಿ ಕಿಟಕಿಗಳ ಲೆಕ್ಕದಲ್ಲಿ ತೆರಿಗೆ ಇತ್ತು. ಇನ್ನೊಂದು, ಮೆಥಡಿಸ್ಟರನ್ನು ಕಂಡರಾಗದ ಪುಂಡರ ಗುಂಪು ಹೊರಗಿನಿಂದ ಕಲ್ಲು ತೂರುತ್ತಿತ್ತು. ಕಲ್ಲಿಗೂ ಕರಕ್ಕೂ ಒಂದೇ ಉತ್ತರ. ನನಗೆ ಹೊಳೆದ ಮೂರನೆಯ ಲಾಭವನ್ನೂ ಸೇರಿಸುತ್ತೇನೆ: ಕಿಟಕಿ ಇಲ್ಲದ ಗೋಡೆಯಿಂದ ಬೀದಿ ಒಳಗೆ ಬರುವುದಿಲ್ಲ. ಕುದುರೆ ಸಂತೆಯ ಬೀದಿ ಅದು, ಹೆಸರೇ ಹಾರ್ಸ್‌ಫೇರ್.

ಈ ಲಾಂದ್ರದ ಗುಟ್ಟು ಮಹಡಿ ಹತ್ತಿದ ಮೇಲೆ ತಿಳಿಯುತ್ತದೆ. ಮಂದಿರದ ನೆತ್ತಿಯ ಮೇಲೆ ಬೋಧಕರು ಉಳಿದುಕೊಳ್ಳುತ್ತಿದ್ದ ಕೋಣೆಗಳಿವೆ, ಈಗ ಅವು ಸಂಗ್ರಹಾಲಯ. ನಡುವಿನ ಹಾಲ್‌ನಲ್ಲಿ ಈ ಎಂಟು ಮೂಲೆಯ ಗೂಡು ನೆಲದಿಂದ ಎದ್ದು ಸೂರಿಗೆ ಹೋಗುತ್ತದೆ, ಅದಕ್ಕೆ ಸುತ್ತಲೂ ಕಿಟಕಿ. ಅಲ್ಲಿ ನಿಂತು ಬಗ್ಗಿದರೆ, ಬೋಧಕ ನಿಂತು ಉಪದೇಶ ಮಾಡುವ ಕೆಳಗಿನ ಪ್ರಸಂಗಪೀಠ ಕಾಣುತ್ತದೆ. ಅಂದರೆ ಮೇಲೆ ಊಟಕ್ಕೆ ಕೂತ ಹಿರಿಯ ಬೋಧಕ, ಕೆಳಗೆ ಹೊಸಬ ಹೇಗೆ ಪ್ರಸಂಗ ಮಾಡುತ್ತಿದ್ದಾನೆ ಎಂದು ಇಣುಕಿ ನೋಡಬಹುದಿತ್ತು. ಮೂವತ್ತನಾಲ್ಕು ವರ್ಷ ಹೆಡ್‌ಮೇಷ್ಟ್ರು ಕಾರಿಡಾರಿನ ಕಿಟಕಿಯಿಂದ ಇಣುಕುವುದನ್ನು ಸಹಿಸಿದವನಿಗೆ ಇದು ಅರ್ಥವಾಗದೇ ಇರುತ್ತದೆಯೇ?

ಪೀಠ ಎರಡು ಅಂತಸ್ತಿನದು. ಕೆಳಗಿನದು ಬೈಬಲ್ ಪಾಠ ಓದುವುದಕ್ಕೆ, ಮೇಲಿನದು ಪ್ರಸಂಗಕ್ಕೆ. ಮೂರೂ ಕಡೆ ಗ್ಯಾಲರಿ. ಮೇಲಿನ ಪೀಠದಲ್ಲಿ ನಿಂತವನ ಬಾಯಿ ಸರಿಸುಮಾರು ಗ್ಯಾಲರಿಯಲ್ಲಿ ಕೂತವರ ಎದೆಮಟ್ಟಕ್ಕೆ ಬರುತ್ತದೆ, ಕೆಳಗಿನವರ ತಲೆಗಳ ಮೇಲಿಂದ ಮಾತು ತಡೆಯಿಲ್ಲದೆ ಹಿಂದಿನ ಗೋಡೆಯವರೆಗೆ ಹೋಗುತ್ತದೆ. ನಮ್ಮ ಪ್ರವಾಸಿ ಲೇಖಕರು ಪೀಠದ ಎತ್ತರವನ್ನು ಪಾದ್ರಿಗಳ ಜಂಬ ಎಂದುಕೊಂಡಿರಬಹುದು. ಮೈಕಿಲ್ಲದ ಕಾಲದಲ್ಲಿ ಎತ್ತರವೇ ಮೈಕು. ಗ್ಯಾಲರಿಯೂ ಹಾಗೆಯೇ. ಹೆಚ್ಚು ಜನ ಕೂರಬೇಕೆಂದು ಮನೆಯನ್ನು ಉದ್ದ ಎಳೆದರೆ ಹಿಂದಿನವನಿಗೆ ಕೇಳಿಸದು. ಉದ್ದ ಎಳೆಯುವ ಬದಲು ಜನರನ್ನು ಒಬ್ಬರ ಮೇಲೊಬ್ಬರಂತೆ ಎರಡು ಮಹಡಿಯಲ್ಲಿ ಕೂರಿಸಿದರೆ ಎಲ್ಲರೂ ಬಾಯಿಯ ಹತ್ತಿರವೇ ಉಳಿಯುತ್ತಾರೆ.

ವಿಜ್ಞಾನದ ಮೇಷ್ಟ್ರೊಬ್ಬರು, ನನ್ನ ಹಳೆಯ ಸಹೋದ್ಯೋಗಿ, ಫೋನಿನಲ್ಲಿ ಇದನ್ನು ಬಿಡಿಸಿ ಹೇಳಿದರು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಗೋಡೆಗೆ ಬಡಿದು ಬರುವ ಮಾರುದನಿ, ಬಾಯಿಂದ ನೇರ ಬಂದ ಮಾತಿನ ಹಿಂದೆಯೇ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ ಬಂದರೆ ಕಿವಿ ಎರಡನ್ನೂ ಸೇರಿಸಿ ಒಂದೇ ಮಾತು ಎಂದುಕೊಳ್ಳುತ್ತದೆ, ಮಾತಿಗೆ ಬಲ ಬರುತ್ತದೆ. ಅದಕ್ಕಿಂತ ತಡವಾದರೆ ಮುಂದಿನ ಪದದ ಮೇಲೆ ಬಂದು ಕೂರುತ್ತದೆ, ಮಾತು ಕಲಸಿಹೋಗುತ್ತದೆ. ಲೆಕ್ಕ ಹಾಕಿದರೆ ಮಾರುದನಿಯ ದಾರಿ ನೇರ ದಾರಿಗಿಂತ 17 ಮೀಟರಿಗೂ ಹೆಚ್ಚು ಉದ್ದ ಇರಬಾರದು. ಅಷ್ಟು ಪುಟ್ಟ ಮನೆಯಲ್ಲಿ ಗೋಡೆಗಳು ಮಾತನ್ನು ಹೊತ್ತಿಗೆ ಸರಿಯಾಗಿ ತಂದುಕೊಡುತ್ತವೆ, ಉಳಿದ ಸದ್ದನ್ನು ಬೆಂಚಿನಲ್ಲಿ ಕೂತ ಮೈಗಳು, ಮೈಮೇಲಿನ ಉಣ್ಣೆ ಬಟ್ಟೆಗಳು ಕುಡಿದುಬಿಡುತ್ತವೆ. ದೊಡ್ಡ ಕಲ್ಲಿನ ಕೆಥೆಡ್ರಲ್‌ಗಳಲ್ಲಿ ಒಂದು ಸ್ವರ ಎಷ್ಟೋ ಸೆಕೆಂಡು ತೇಲಾಡುತ್ತದೆ. ಲ್ಯಾಟಿನ್ ಮಂತ್ರಗಾನಕ್ಕೆ ಅದು ಚೆಂದ. ಗಣಿಯಲ್ಲಿ ಕಲ್ಲಿದ್ದಲು ಅಗೆದು ಬಂದವನಿಗೆ ಒಂದು ವಿಷಯ ತಿಳಿಸಿ ಹೇಳುವುದಕ್ಕೆ ಅಲ್ಲ.

ಪುಸ್ತಕದ ಮಾತು ಇರಲಿ, ನಾನೇ ಒಂದು ಪರೀಕ್ಷೆ ಮಾಡಿದೆ. ಎರಡನೆಯ ಸಲ ಹೋದಾಗ ಒಂಬತ್ತು ವರ್ಷದ ಮೊಮ್ಮಗಳು ಜೊತೆಗಿದ್ದಳು. ಮಧ್ಯಾಹ್ನ, ಒಳಗೆ ನಾವಿಬ್ಬರು ಮತ್ತು ಬಾಗಿಲ ಬಳಿ ಕೂತ ಒಬ್ಬ ಹಿರಿಯ ಸ್ವಯಂಸೇವಕಿ ಅಷ್ಟೇ. ಮೊಮ್ಮಗಳನ್ನು ಪೀಠದ ಬುಡದಲ್ಲಿ ನಿಲ್ಲಿಸಿ, ‘ಕೂಗಬೇಡ, ನನ್ನ ಹತ್ತಿರ ಮಾತಾಡುವ ಹಾಗೆಯೇ ಹದಿಮೂರರ ಮಗ್ಗಿ ಹೇಳು’ ಎಂದು ಹೇಳಿ ನಾನು ಹಿಂದೆ, ಗ್ಯಾಲರಿಯ ಕೆಳಗೆ, ಕೊನೆಯ ಬೆಂಚಿಗೆ ಹೋಗಿ ಕೂತೆ. ಮಿಷನ್ ತೆಗೆದು ಜೇಬಿನಲ್ಲಿಟ್ಟೆ. ವಿಡಿಯೊ ಕರೆಯಲ್ಲಿ ನಾನೇ ಕಲಿಸಿದ ಮಗ್ಗಿ ಅದು. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು ಎಂದು ಬಂದವಳು ಹದಿಮೂರೇಳ್ಲ ಎಂಬಲ್ಲಿ ‘ಎಂಬತ್ತೊಂದು’ ಎಂದಳು.

‘ತೊಂಬತ್ತೊಂದು’ ಎಂದೆ ಕೂತಲ್ಲಿಂದಲೇ, ದನಿ ಏರಿಸದೆ.

‘ಅದೇ ಅಜ್ಜ, ತೊಂಬತ್ತೊಂದು ಅಂತಲೇ ಹೇಳಿದ್ದು’ ಎಂದಳು. ಅಪ್ಪಟ ಸುಳ್ಳು, ಅದೂ ಸ್ಪಷ್ಟವಾಗಿ ಕೇಳಿಸಿತು.

ಎಂಬತ್ತೊಂದಕ್ಕೂ ತೊಂಬತ್ತೊಂದಕ್ಕೂ ಇರುವ ವ್ಯತ್ಯಾಸ ಎಷ್ಟು ಹೇಳಿ? ಮೊದಲ ಅಕ್ಷರ ಮಾತ್ರ. ನಮ್ಮ ಶಾಲೆಯ ಆ ಟೈಲ್ಸಿನ ಸಭಾಂಗಣದಲ್ಲಿ ಮೂರನೆಯ ಸಾಲಿಗೆ ಬರುವ ಹೊತ್ತಿಗೆ ಎರಡೂ ‘ಅಂಬತೊಂ’ ಆಗಿರುತ್ತಿದ್ದವು. ಇಲ್ಲಿ ಅರ್ಧ ಕಿವಿಯ ಮುದುಕನಿಗೆ ತಪ್ಪು ಸಿಕ್ಕಿಬಿತ್ತು. ತಲೆಯೆತ್ತಿದರೆ ಲಾಂದ್ರದ ಕಿಟಕಿಯಲ್ಲಿ, ಗಾಜಿನಾಚೆ, ಮಗಳ ಮುಖ. ನಮ್ಮಿಬ್ಬರನ್ನು ಹುಡುಕಿಕೊಂಡು ಮಹಡಿ ಹತ್ತಿದ್ದವಳು ಅಲ್ಲಿಂದ ಬಗ್ಗಿ ನೋಡಿ ನಗುತ್ತಿದ್ದಳು. ಆಮೇಲೆ ಆ ಸ್ವಯಂಸೇವಕಿ ಬಂದು ಮೊಮ್ಮಗಳನ್ನು ಅದು ಯಾವ ಪ್ರಾರ್ಥನೆ ಎಂದು ಕೇಳಿದರು. ಮಗ್ಗಿ ಎಂದು ತಿಳಿದ ಮೇಲೂ ಬೇಸರಿಸಲಿಲ್ಲ, ಇಲ್ಲಿ ಹಿಂದೆ ಬಡಮಕ್ಕಳ ಶಾಲೆಯೂ ನಡೆಯುತ್ತಿತ್ತು ಎಂದರು.

ಹೌದು, ಶಾಲೆಯೂ, ಬಡವರಿಗೆ ಔಷಧ ಕೊಡುವ ಜಾಗವೂ. ಅದಕ್ಕೇ ಅದರ ಹೆಸರು ಚರ್ಚ್ ಅಲ್ಲ, ‘ರೂಮ್’. ಇದನ್ನು ತಿಳಿಯದೆ ಆ ಕಟ್ಟಡ ಅರ್ಥವಾಗುವುದಿಲ್ಲ. ಜಾನ್ ವೆಸ್ಲಿ ಇಂಗ್ಲೆಂಡಿನ ಅಧಿಕೃತ ಚರ್ಚಾದ ಆಂಗ್ಲಿಕನ್ ಚರ್ಚಿನಲ್ಲಿ ದೀಕ್ಷೆ ಪಡೆದ ಪಾದ್ರಿ, ಸಾಯುವವರೆಗೂ ತಾನು ಅದೇ ಚರ್ಚಿನವನು ಎಂದೇ ಹೇಳಿಕೊಂಡವರು. 1739ರಲ್ಲಿ ಗೆಳೆಯ ಜಾರ್ಜ್ ವಿಟ್‌ಫೀಲ್ಡ್ ಕರೆದರೆಂದು ಬ್ರಿಸ್ಟಲ್‌ಗೆ ಬಂದರು. ವಿಟ್‌ಫೀಲ್ಡ್ ಬಯಲಿನಲ್ಲಿ ನಿಂತು ಗಣಿ ಕೂಲಿಗಳಿಗೆ ಪ್ರಸಂಗ ಮಾಡುತ್ತಿದ್ದುದು ಶಿಸ್ತಿನ ಮನುಷ್ಯ ವೆಸ್ಲಿಗೆ ಮೊದಲು ಸರಿಬರಲಿಲ್ಲ. ಆದರೂ ಏಪ್ರಿಲ್ 2ರಂದು ತಾವೇ ಊರಾಚೆಯ ಬಯಲಿನಲ್ಲಿ ನಿಂತರು, ಸುಮಾರು 3000 ಜನ ಸೇರಿದ್ದರು ಎಂದು ದಿನಚರಿಯಲ್ಲಿ ಬರೆದುಕೊಂಡರು. ಆರೇ ವಾರಕ್ಕೆ, ಮೇ 12ರಂದು, ನ್ಯೂ ರೂಮಿನ ಮೊದಲ ಕಲ್ಲು ಬಿತ್ತು. ಜೂನ್ ಆರಂಭದಲ್ಲಿ ಗೋಡೆ ಪೂರ್ತಿಯಾಗುವ ಮೊದಲೇ ಒಳಗೆ ಸಭೆ ಸೇರಿತು. ಮೆಥಡಿಸ್ಟರಿಗೆಂದೇ ಲೋಕದಲ್ಲಿ ಎದ್ದ ಮೊದಲ ಕಟ್ಟಡ ಇದೇ. ಈಗ ಕಾಣುವ ರೂಪದ ಬಹುಪಾಲು 1748ರಲ್ಲಿ ಅದನ್ನು ದೊಡ್ಡದು ಮಾಡಿದಾಗ ಬಂದದ್ದು.

ಬೇರೆ ಚರ್ಚ್ ಕಟ್ಟುವುದು ವೆಸ್ಲಿಯ ಉದ್ದೇಶವಾಗಿರಲಿಲ್ಲ. ಜನ ತಮ್ಮ ತಮ್ಮ ಊರಿನ ಚರ್ಚಿಗೆ ಹೋಗಿ ರೊಟ್ಟಿ, ದ್ರಾಕ್ಷಾರಸದ ಪ್ರಭುಭೋಜನ ತೆಗೆದುಕೊಳ್ಳಲಿ, ಇಲ್ಲಿಗೆ ಬೇರೆ ಹೊತ್ತಿನಲ್ಲಿ ಬಂದು ಪ್ರಸಂಗ ಕೇಳಲಿ, ಹಾಡಲಿ ಎಂದಿತ್ತು. ಹಾಗಾಗಿ ಬಲಿಪೀಠಕ್ಕೆ ಕಣ್ಣು ಕೊಂಡೊಯ್ಯುವ ಉದ್ದನೆಯ ನಡುದಾರಿ ಬೇಕಾಗಲಿಲ್ಲ, ಗೋಪುರ ಬೇಕಾಗಲಿಲ್ಲ. ಗಂಟೆ ಬಾರಿಸಿ ಕರೆಯುವ ಹಕ್ಕು ಊರ ಚರ್ಚಿನದು. ಉಳಿದದ್ದು ಒಂದು ಬಾಯಿ, ನೂರಾರು ಕಿವಿ, ನಡುವೆ ಸಾಧ್ಯವಾದಷ್ಟು ಕಡಿಮೆ ದೂರ. ಜೊತೆಗೆ ಹಾಡು. ತಮ್ಮ ಚಾರ್ಲ್ಸ್ ವೆಸ್ಲಿ ಬರೆದ ಕೀರ್ತನೆಗಳೇ ಆರು ಸಾವಿರಕ್ಕೂ ಹೆಚ್ಚು. ಓದು ಬರದವರು ದೇವರ ವಿಷಯ ಕಲಿತದ್ದು ಅವುಗಳನ್ನು ಹಾಡಿ ಹಾಡಿ.

ಬೋಳು ಗೋಡೆ ಬಡತನದ ಗುರುತು ಎಂದುಕೊಂಡವರಿಗೆ ಒಂದು ಹಣದ ಕಥೆ ಹೇಳಬೇಕು. ಈ ಮನೆ ಕಟ್ಟಿದ ಸಾಲ ವರ್ಷಗಟ್ಟಲೆ ತೀರಲಿಲ್ಲ. ಶುರುವಿನಲ್ಲಿ ಹನ್ನೊಂದು ಜನ ಧರ್ಮದರ್ಶಿಗಳನ್ನು ನೇಮಿಸಿದ್ದರಂತೆ. ವಿಟ್‌ಫೀಲ್ಡ್ ಮತ್ತಿತರರು, ‘ಅವರ ಕೈಗೆ ಹಕ್ಕು ಕೊಟ್ಟರೆ ನಿಮ್ಮ ಪ್ರಸಂಗ ಹಿಡಿಸದ ದಿನ ನೀವೇ ಕಟ್ಟಿದ ಮನೆಯಿಂದ ನಿಮ್ಮನ್ನೇ ಹೊರಗೆ ಹಾಕಿಯಾರು’ ಎಂಬರ್ಥದಲ್ಲಿ ಎಚ್ಚರಿಸಿದ ಮೇಲೆ ವೆಸ್ಲಿ ಆ ಏರ್ಪಾಡು ರದ್ದು ಮಾಡಿ ಸಾಲವನ್ನೂ ತಾವೇ ತಲೆಗೆ ಕಟ್ಟಿಕೊಂಡರು. 1742ರ ಫೆಬ್ರವರಿಯಲ್ಲಿ ಆ ಸಾಲ ತೀರಿಸುವ ಬಗ್ಗೆ ಸಭೆ ಕೂತಾಗ ಫಾಯ್ ಎಂಬ ಕ್ಯಾಪ್ಟನ್, ತೀರುವವರೆಗೆ ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡೋಣ ಎಂದರು. ಅಷ್ಟೂ ಇಲ್ಲದವರಿದ್ದಾರಲ್ಲ ಎಂದು ಆಕ್ಷೇಪ ಬಂತು. ಹಾಗಾದರೆ ಕಡುಬಡವರು ಹನ್ನೊಂದು ಜನರನ್ನು ನನ್ನ ಲೆಕ್ಕಕ್ಕೆ ಹಾಕಿ, ಅವರು ಕೊಟ್ಟರೆ ಸರಿ, ಕೊಡಲಾಗದಿದ್ದರೆ ಅವರ ಪಾಲನ್ನು ನಾನು ಹಾಕುತ್ತೇನೆ ಎಂದರಂತೆ ಕ್ಯಾಪ್ಟನ್. ಹನ್ನೆರಡು ಜನಕ್ಕೊಬ್ಬ ಮುಖಂಡ, ಅವನು ವಾರಕ್ಕೊಮ್ಮೆ ಮನೆಮನೆಗೆ ಹೋಗಬೇಕು. ಪೆನ್ನಿಗೆ ಹೋದವರಿಗೆ ಆ ಮನೆಗಳ ಕುಡಿತ, ಜಗಳ, ಕಾಯಿಲೆ, ಹಸಿವು ಎಲ್ಲ ಕಾಣತೊಡಗಿತು. ಮೆಥಡಿಸ್ಟರ ‘ಕ್ಲಾಸ್’ ಎಂಬ ಸಣ್ಣ ಗುಂಪುಗಳ ಪದ್ಧತಿ ಹುಟ್ಟಿದ್ದು ಹೀಗೆ, ಈ ಮನೆಯ ಸಾಲದಿಂದ. ಸಾಲ ಬೇಗ ತೀರಿದ್ದರೆ ಏನಾಗುತ್ತಿತ್ತೋ ಎಂದು ನಾನು ಆ ಬೆಂಚಿನ ಮೇಲೆ ಕೂತು ಯೋಚಿಸಿದ್ದುಂಟು.

ಮುಂದೆ ಮೆಥಡಿಸ್ಟರ ಪ್ರಸಂಗದ ಮನೆಗಳು ಊರೂರಲ್ಲಿ ಏಳತೊಡಗಿದಾಗ ವೆಸ್ಲಿ ನಿಯಮವನ್ನೇ ಮಾಡಿದರು: ಮನೆ ಸರಳವಾಗಿ, ಅಚ್ಚುಕಟ್ಟಾಗಿ ಇರಲಿ, ತೀರಾ ಅನಿವಾರ್ಯವಾದುದಕ್ಕಿಂತ ಒಂದು ಕಾಸೂ ಹೆಚ್ಚು ಖರ್ಚು ಬೇಡ. ಯಾಕೆಂದರೆ ಖರ್ಚು ಹೆಚ್ಚಿದರೆ ಶ್ರೀಮಂತರು ಬೇಕಾಗುತ್ತಾರೆ, ಬೇಕಾದವರ ಹಂಗಿಗೆ ಬೀಳಬೇಕಾಗುತ್ತದೆ, ಕೊನೆಗೆ ಅವರು ಹೇಳಿದಂತೆ ಕೇಳಬೇಕಾಗುತ್ತದೆ. ಸುಣ್ಣ ಬಳಿದ ಗೋಡೆಯ ಹಿಂದೆ ಇಷ್ಟು ದೊಡ್ಡ ಲೆಕ್ಕಾಚಾರವಿದೆ. ಅಲಂಕಾರ ಮಾಡಲು ಕೈಲಾಗದೆ ಬಿಟ್ಟದ್ದಲ್ಲ, ಬೇಡವೆಂದು ಬಿಟ್ಟದ್ದು.

ಅದೇ ನಿಯಮಗಳಲ್ಲಿ ಚಿಕ್ಕ ಚಿಕ್ಕ ಸಂಗತಿಗಳೂ ಇವೆ. ಕಿಟಕಿ ಮೇಲಿನಿಂದ ಕೆಳಕ್ಕೆ ಜಾರಿ ತೆರೆಯುವಂತಿರಬೇಕು. ಪೀಪಾಯಿಯ ಹಾಗೆ ದುಂಡಗಿನ ಪೀಠ ಬೇಡ, ಚೌಕವಾಗಿ ಮುಂದೆ ಚಾಚಿದ್ದಿರಲಿ, ಹಿಂದೆ ಉದ್ದನೆಯ ಆಸನವಿರಲಿ. ಬೆಂಚುಗಳಿಗೆ ಬೆನ್ನಾಸರೆ ಬೇಡ. ನಡುವೆ ಉದ್ದಕ್ಕೂ ಒಂದು ಕಟಕಟೆ, ಆಚೆ ಗಂಡಸರು, ಈಚೆ ಹೆಂಗಸರು. ಬೆನ್ನಾಸರೆ ಬೇಡ ಎಂದದ್ದನ್ನು ಓದಿದಾಗ, ಮಧ್ಯಾಹ್ನದ ಮೊದಲ ಪೀರಿಯಡ್ ತೆಗೆದುಕೊಂಡ ಯಾವ ಮೇಷ್ಟ್ರೂ ಈ ಮನುಷ್ಯನ ಕೈ ಕುಲುಕಿಯಾನು ಎನಿಸಿತು. ನನ್ನ ಸೊಂಟ ಮಾತ್ರ ಈ ನಿಯಮವನ್ನು ಒಪ್ಪುವುದಿಲ್ಲ. ಗಂಡು ಹೆಣ್ಣಿನ ಕಟಕಟೆಯ ಬಗ್ಗೆ ಮಗಳು ಹೇಳಿದ್ದನ್ನು ಇಲ್ಲಿ ಬರೆದರೆ ನೀವು ಅಚ್ಚು ಹಾಕಲಾರಿರಿ.

ಎಂಟು ಮೂಲೆಯ ಮನೆಗಳ ಕಥೆ ಇನ್ನೂ ಸ್ವಾರಸ್ಯದ್ದು. 1757ರಲ್ಲಿ ವೆಸ್ಲಿ ನಾರಿಚ್ ಎಂಬ ಊರಿನಲ್ಲಿ ಪ್ರೆಸ್ಬಿಟೇರಿಯನ್ ಎಂಬ ಇನ್ನೊಂದು ಕ್ರೈಸ್ತ ಪಂಥದವರು ಕಟ್ಟಿಸಿದ ಹೊಸ ಅಷ್ಟಕೋನದ ಮಂದಿರ ನೋಡಿದರು. ಥಾಮಸ್ ಐವರಿ ಎಂಬಾತ ಕಟ್ಟಿದ್ದು, ಆಗಿನ್ನೂ ಒಂದು ವರ್ಷದ ಹಸುಗೂಸು. ಬಹುಶಃ ಇಡೀ ಯೂರೋಪಿನಲ್ಲೇ ಇಷ್ಟು ಸೊಗಸಾದ ಪ್ರಾರ್ಥನಾ ಮಂದಿರವಿಲ್ಲ ಎಂದು ಮೆಚ್ಚಿ ಬರೆದರು. ಬೆನ್ನಿಗೇ, ಇಷ್ಟು ನಾಜೂಕಿನ ಜಾಗದಲ್ಲಿ ಒರಟು ಹಳೆಯ ಸುವಾರ್ತೆಗೆ ಪ್ರವೇಶ ಸಿಕ್ಕೀತೇ ಎಂದು ಕುಟುಕಿದರು ಕೂಡ. ಸೊಗಸನ್ನು ಅಲ್ಲೇ ಬಿಟ್ಟು ಆಕಾರವನ್ನು ಮಾತ್ರ ಹೊತ್ತು ತಂದರು. ಮುಂದಿನ ಹತ್ತು ವರ್ಷದಲ್ಲಿ ರೋದರಮ್, ಯಾರ್ಮ್, ಹೆಪ್ಟನ್‌ಸ್ಟಾಲ್ ಮುಂತಾದ ಕಡೆ ಮೆಥಡಿಸ್ಟರ ಅಷ್ಟಕೋನಗಳು ಎದ್ದವು. ದನಿಗೆ ಇದೇ ಎಲ್ಲಕ್ಕಿಂತ ಒಳ್ಳೆಯದು ಎಂದು ವೆಸ್ಲಿ ಕಾರಣವನ್ನೂ ಬರೆದಿಟ್ಟಿದ್ದಾರೆ. ಪಕ್ಕದ ಉದ್ದ ಗೋಡೆಗಳೇ ಇಲ್ಲದ್ದರಿಂದ ಯಾರೂ ದೂರದ ಮೂಲೆಗೆ ಬೀಳುವುದಿಲ್ಲ. ಹೆಪ್ಟನ್‌ಸ್ಟಾಲ್ ಎಂಬುದು ಯಾರ್ಕ್‌ಶೈರಿನ ಗುಡ್ಡದ ನೆತ್ತಿಯ ನೇಕಾರರ ಊರು. ಅಲ್ಲಿಯ ಮಂದಿರ 1764ರದ್ದು. 1802ರಲ್ಲಿ ಜನ ಹಿಡಿಸದೆ ಅದನ್ನು ದೊಡ್ಡದು ಮಾಡಬೇಕಾಯಿತು, ಒಂದು ಕಡೆ ಎಳೆದು ಉದ್ದನೆಯ ಎಂಟುಮೂಲೆ ಮಾಡಿದರು. ಅಷ್ಟಕೋನದ ದೌರ್ಬಲ್ಯವೇ ಅದು, ಸಂಸಾರ ಬೆಳೆದ ಹಾಗೆ ಮನೆ ಬೆಳೆಸಲಾಗುವುದಿಲ್ಲ. ಆಮೇಲಾಮೇಲೆ ಮೆಥಡಿಸ್ಟರು ಆಯತಾಕಾರಕ್ಕೇ ಮರಳಿದರು. ಹೆಪ್ಟನ್‌ಸ್ಟಾಲ್‌ಗೆ ಹೋಗಿ ಕೆಮ್ಮಿ ಬರುವ ಆಸೆ ಇತ್ತು, ಮಂಡಿ ಗುಡ್ಡ ಹತ್ತಲು ಒಪ್ಪಲಿಲ್ಲ.

ಲಂಡನ್ನಿಗೆ ಮಾತ್ರ ಹೋದೆ. ಸಿಟಿ ರೋಡಿನ ‘ವೆಸ್ಲೀಸ್ ಚಾಪೆಲ್’ 1778ರ ನವೆಂಬರ್ 1ರಂದು ತೆರೆದದ್ದು, ನಕ್ಷೆ ಜಾರ್ಜ್ ಡಾನ್ಸ್ ಕಿರಿಯರದು. ವೆಸ್ಲಿ ತಮ್ಮ ದಿನಚರಿಯಲ್ಲಿ ಅದನ್ನು ಅಚ್ಚುಕಟ್ಟಾಗಿದೆ, ಆದರೆ ಆಡಂಬರವಿಲ್ಲ ಎಂಬರ್ಥದಲ್ಲಿ ಮೆಚ್ಚಿಕೊಂಡಿದ್ದರು. ಆಗ ಗ್ಯಾಲರಿ ಹೊತ್ತ ಕಂಬಗಳು ಹಡಗಿನ ಕೂವೆಮರಗಳು, ಮೂರನೇ ಜಾರ್ಜ್ ದೊರೆ ಹಡಗುಕಟ್ಟೆಯಿಂದ ಕೊಡಿಸಿದ್ದು ಎನ್ನುತ್ತಾರೆ. 1891ರಲ್ಲಿ, ವೆಸ್ಲಿ ತೀರಿಕೊಂಡ ನೂರನೆಯ ವರ್ಷಕ್ಕೆ, ಅವನ್ನು ತೆಗೆದು ಹೊರದೇಶಗಳ ಮೆಥಡಿಸ್ಟ್ ಸಭೆಗಳು ಕೊಟ್ಟ ಹೊಳಪಿನ ಜಾಸ್ಪರ್ ಕಲ್ಲಿನ ಕಂಬ ನಿಲ್ಲಿಸಿದರು. ಬಣ್ಣದ ಗಾಜುಗಳೂ ಬಂದವು. ಚೆನ್ನಾಗಿಲ್ಲ ಎನ್ನಲಾರೆ. ಆದರೆ ಅಲ್ಲಿ ಕೂತಾಗ ನನ್ನ ಕಣ್ಣು ಕಂಬ, ಗಾಜು, ಸೂರಿನ ಗಾರೆ ಕೆಲಸ ಎಂದು ಅಲೆಯುತ್ತಲೇ ಇತ್ತು. ನನಗೆ ಹಿಡಿಸಿದ್ದು ಗ್ಯಾಲರಿಯ ಮುಂಪಟ್ಟಿಯಲ್ಲಿ ಸಾಲಾಗಿ ಬರುವ ಒಂದು ಚಿಕ್ಕ ಚಿಹ್ನೆ: ತನ್ನ ಬಾಲವನ್ನು ತಾನೇ ಕಚ್ಚಿದ ಹಾವು, ಅದರ ಸುತ್ತಿನೊಳಗೆ ಒಂದು ಪಾರಿವಾಳ. ಸರ್ಪದಷ್ಟು ಜಾಣರಾಗಿ, ಪಾರಿವಾಳದಷ್ಟು ಸಾಧುಗಳಾಗಿ ಎಂಬ ಬೈಬಲ್ ಮಾತಿನ ನೆನಪು. ಪ್ರಸಂಗಪೀಠ ಇಲ್ಲಿ ಬಲಿಪೀಠದ ಮುಂದೆಯೇ, ನಟ್ಟನಡುವೆ. ಮೊದಲು ಅದು ಮೂರಂತಸ್ತಿನದಾಗಿತ್ತು, ಆಮೇಲೆ ತಗ್ಗಿಸಿದ್ದಾರೆ. ವೆಸ್ಲಿಯ ಸಮಾಧಿ ಹಿಂದಿನ ಅಂಗಳದಲ್ಲಿದೆ.

ಬ್ರಿಸ್ಟಲ್‌ನ ಮನೆ ಅದರ ಹಾಗೆ ಸಿಂಗಾರವಾಗದೆ ಉಳಿದದ್ದಕ್ಕೆ ಕಾರಣ, ಅದು ಕೈಬಿಟ್ಟುಹೋದದ್ದೇ. 1808ರಲ್ಲಿ ಅದು ವೆಸ್ಲಿಯ ಬಳಗಕ್ಕೆ ಸೇರದ, ವೇಲ್ಸ್ ಭಾಷೆಯ ಕ್ಯಾಲ್ವಿನ್ ಪಂಥದ ಮೆಥಡಿಸ್ಟರಿಗೆ ಮಾರಾಟವಾಯಿತು. ಶ್ರೀಮಂತ ವಿಕ್ಟೋರಿಯಾ ಕಾಲದ ವೆಸ್ಲಿ ಬಳಗದವರು ಅದನ್ನು ‘ಸುಧಾರಣೆ’ ಮಾಡುವುದು ತಪ್ಪಿತು. 1929ರಲ್ಲಿ ಎಡ್ಮಂಡ್ ಲ್ಯಾಂಪ್ಲಾ ಎಂಬವರು ಕೊಂಡು ವೆಸ್ಲಿ ಬಳಗದ ಮೆಥಡಿಸ್ಟರಿಗೆ ಮರಳಿಸಿದರು, ಜಾರ್ಜ್ ಓಟ್ಲಿ ಅದನ್ನು ರಿಪೇರಿ ಮಾಡಿದರು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಮುಗಿಲುಮುಟ್ಟುವ ವಿಲ್ಸ್ ಗೋಪುರದ ಶಿಲ್ಪಿ ಇದೇ ಓಟ್ಲಿ. ಅಷ್ಟು ಎತ್ತರದ ಗೋಥಿಕ್ ಗೋಪುರ ಕಟ್ಟಿದವರು ಇಲ್ಲಿ ಬಂದು ಕೈ ಕಟ್ಟಿಕೊಂಡು ಕೆಲಸ ಮಾಡಿದ್ದಾರೆ, ಎಲ್ಲೂ ತಮ್ಮ ಗುರುತು ಬಿಟ್ಟಿಲ್ಲ. ನಿಮ್ಮ ಲೇಖಕರು ಆ ಗೋಪುರದ ಬಗ್ಗೆ ಹೊಗಳಿ ಬರೆದಿದ್ದಾರೆ, ಸಂತೋಷ. ಅದೇ ಕೈ ಇನ್ನೊಂದು ಕಡೆ ಹೇಗೆ ಸುಮ್ಮನಿತ್ತು ಎನ್ನುವುದನ್ನೂ ಒಂದು ಸಾಲು ಬರೆಯಬಹುದಿತ್ತು. 2017ರಲ್ಲಿ ಹಾರ್ಸ್‌ಫೇರ್ ಕಡೆಯ ಅಂಗಳದಲ್ಲಿ ಹೊಸ ಸ್ವಾಗತ ಕಟ್ಟಡವೂ ಬಂದಿದೆ. ಅದರ ಬಗ್ಗೆ ನನಗೆ ದೂರಿಲ್ಲ, ಲಿಫ್ಟ್ ಇದೆ.

ಪತ್ರ ಉದ್ದವಾಯಿತು. ಕತ್ತರಿಸುವುದಾದರೆ ಲಂಡನ್ನಿನ ಭಾಗ ಕತ್ತರಿಸಿ, ಮಗ್ಗಿಯ ಭಾಗಕ್ಕೆ ಕೈ ಹಚ್ಚಬೇಡಿ. ಬ್ರಿಸ್ಟಲ್‌ಗೆ ಹೋಗುವ ಓದುಗರಿಗೆ ನನ್ನ ಸಲಹೆ ಇಷ್ಟೇ: ಫೋನನ್ನು ಜೇಬಿನಲ್ಲಿಟ್ಟು ಗ್ಯಾಲರಿಯ ಕೆಳಗಿನ ಕೊನೆಯ ಬೆಂಚಿನಲ್ಲಿ ಕೂರಿ. ಜೊತೆಯವರನ್ನು ಪೀಠದ ಹತ್ತಿರ ನಿಲ್ಲಿಸಿ ಏನಾದರೂ ಹೇಳಿಸಿ. ಮಂದಿರಕ್ಕೆ ಪ್ರವೇಶ ಶುಲ್ಕವಿಲ್ಲ, ಮಹಡಿಯ ಸಂಗ್ರಹಾಲಯಕ್ಕೆ ಟಿಕೆಟ್ ಇದೆ. ಲಾಂದ್ರದ ಕಿಟಕಿಯಿಂದ ಇಣುಕುವುದಕ್ಕಾದರೂ ಅದನ್ನು ಕೊಳ್ಳಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮೇಷ್ಟ್ರು

ಮರೆತಿದ್ದೆ: ಲೇಖನದ ಜೊತೆಗಿನ ಫೋಟೊದ ಕೆಳಗೆ ‘ಚಾರ್ಲ್ಸ್ ವೆಸ್ಲಿ’ ಎಂದು ಅಚ್ಚಾಗಿದೆ. ಕುದುರೆಯ ಮೇಲಿರುವವರು ಅಣ್ಣ ಜಾನ್. ತಮ್ಮ ಚಾರ್ಲ್ಸ್ ಮನೆಯ ಇನ್ನೊಂದು ಬದಿಯ ಅಂಗಳದಲ್ಲಿ, ಕುದುರೆಯಿಲ್ಲದೆ, ನಿಂತೇ ಇದ್ದಾರೆ. ದಯವಿಟ್ಟು ತಿದ್ದುಪಡಿ ಹಾಕಿ.